ಕೆಂಪು, ಹಳದಿ, ನಡುವೆ ಅರ್ಧ ಸೆಂಟಿಮೀಟರ್

ರಾಯಚೂರು ಸ್ಟೇಷನ್ನಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತುವಾಗ ಅವ್ವ ಕೈಗಿಟ್ಟ ಗಂಟಿನಲ್ಲಿ ನಲವತ್ತು ಕಟಕ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿಪುಡಿ. “ಆ ದೇಶದಾಗ ಏನ್ ತಿಂತಾರೋ ಏನೋ” ಅಂದಳು. ಮುಂಬೈಯಿಂದ ಅಡಿಸ್ ಅಬಾಬಾ, ಅಲ್ಲಿಂದ ಆಫ್ರಿಕಾದ ಮಲಾವಿ ದೇಶದ ಲಿಲಾಂಗ್ವೆ. ಅಪೌಷ್ಟಿಕ ಮಕ್ಕಳ ಕೆಲಸ ಮಾಡುವ ಸೇವಾಸಂಸ್ಥೆಯೊಂದಕ್ಕೆ ಮೂರು ತಿಂಗಳ ಮಟ್ಟಿಗೆ ಹೊರಟಿದ್ದೆ. ನಾನು ನರ್ಸಿಂಗ್ ಓದಿದವಳು. ಅವ್ವ ಲಿಂಗಸುಗೂರು ತಾಲ್ಲೂಕಿನ ಹಳ್ಳಿಯೊಂದರ ಅಂಗನವಾಡಿ ಕಾರ್ಯಕರ್ತೆ. ತಕ್ಕಡಿಗೆ ಜೋತುಬಿದ್ದು ಅಳುವ ಕೂಸುಗಳನ್ನು ನೋಡುತ್ತಲೇ ಬೆಳೆದದ್ದರಿಂದ, ಇದೆಲ್ಲ ನನಗೆ ಗೊತ್ತಿರೋದೇ ಅನ್ನುವ ಧಿಮಾಕು ಒಂಚೂರು ಇತ್ತು.

ಏನು ತಿಂತಾರೆ ಅನ್ನೋದು ಮೊದಲ ದಿನವೇ ತಿಳಿಯಿತು. ಬಿಳಿ ಮೆಕ್ಕೆಜೋಳದ ಹಿಟ್ಟನ್ನು ಕುದಿನೀರಲ್ಲಿ ತಿರುವಿ ಗಟ್ಟಿ ಮಾಡಿದ ಎನ್ಸಿಮಾ. ನಮ್ಮ ಸಂಗಟಿಯ ತಂಗಿ ಅನ್ನಿ. ಶೇಂಗಾ ಅಲ್ಲೂ ಉಂಟು, ಪುಡಿ ಮಾಡಿ ಸೊಪ್ಪಿನ ಪಲ್ಯಕ್ಕೆ ಹಾಕುತ್ತಾರೆ. ಅವ್ವನ ಡಬ್ಬಿ ನಾಲ್ಕೇ ದಿನಕ್ಕೆ ಖಾಲಿಯಾಯಿತು, ಆದರೆ ತಿಂದವಳು ನಾನಲ್ಲ.

ನಾನು ಹೇಳಬೇಕಾದದ್ದು ಫೆಬ್ರುವರಿಯ ಒಂದು ಬುಧವಾರದ ಬಗ್ಗೆ. ಅಲ್ಲಿ ಮೆಕ್ಕೆಜೋಳ ಕೊಯ್ಲಿಗೆ ಬರೋದು ಏಪ್ರಿಲ್ ಹೊತ್ತಿಗೆ. ಹಾಗಾಗಿ ಫೆಬ್ರುವರಿ ಅಂದರೆ ಹೊಲವೆಲ್ಲ ಹಸಿರು, ಮನೆಯ ಕಣಜ ಖಾಲಿ. ಸಾಲಿಮಾ ಕಡೆಯ ಹಳ್ಳಿಯೊಂದರಲ್ಲಿ ಮಾವಿನ ಮರದ ಕೆಳಗೆ ತಪಾಸಣೆ. ಬಣ್ಣದ ಚಿತೆಂಜೆ ಬಟ್ಟೆಯಲ್ಲಿ ಕೂಸುಗಳನ್ನು ಬೆನ್ನಿಗೆ ಕಟ್ಟಿಕೊಂಡ ತಾಯಂದಿರ ಸಾಲು ಬೆಳಗ್ಗೆ ಏಳಕ್ಕೇ ಇತ್ತು.

ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳ ಎಡ ರಟ್ಟೆಗೆ ಟೇಪು ಸುತ್ತಿ ಅಳೆಯೋದು ನನ್ನ ಪಾಲಿನ ಕೆಲಸ. 11.5 ಸೆಂಟಿಮೀಟರಿಗಿಂತ ಕಡಿಮೆಯಾದರೆ ಕೆಂಪು, ಅಲ್ಲಿಂದ 12.5ರೊಳಗೆ ಹಳದಿ, ಅದಕ್ಕೂ ಮೇಲೆ ಹಸಿರು. ಎರಡೂ ಪಾದವನ್ನು ಹೆಬ್ಬೆರಳಿಂದ ಒತ್ತಿ ಮೂರು ಸೆಕೆಂಡು ಹಿಡಿದು ಬಾವು ಇದೆಯಾ ಅಂತಲೂ ನೋಡಬೇಕು. ಬೆರಳು ತೆಗೆದ ಮೇಲೂ ಗುಳಿ ಉಳಿದರೆ ಟೇಪು ಏನೇ ಹೇಳಲಿ, ಆ ಮಗುವಿನ ಸ್ಥಿತಿ ಗಂಭೀರ ಅಂತ ಲೆಕ್ಕ.

ಹದಿನಾಲ್ಕು ತಿಂಗಳ ಹೆಣ್ಣುಕೂಸು. ಟೇಪು ಎಳೆದೆ. 11.3. ಕೆಂಪು. ಪಕ್ಕದಲ್ಲಿದ್ದ ಸ್ಥಳೀಯ ಆರೋಗ್ಯ ಕಾರ್ಯಕರ್ತೆ ನನ್ನ ಕೈಯನ್ನೇ ನೋಡುತ್ತಿದ್ದಳು. ಅವಳಿಗೂ ನಮ್ಮವ್ವನಷ್ಟೇ ವಯಸ್ಸು. ಏನೂ ಅನ್ನದೆ ಕೂಸಿನ ತೋಳು ಸಡಿಲ ಬಿಡಿಸಿದಳು, ಭುಜದ ತುದಿಯಿಂದ ಮೊಣಕೈವರೆಗೆ ನಡುಮಧ್ಯ ಗುರುತು ಹಾಕಿದಳು, ಟೇಪನ್ನು ಚರ್ಮಕ್ಕೆ ತಾಗುವಷ್ಟೇ ಸುತ್ತಿದಳು. 11.8. ಹಳದಿ. ನಾನು ಬಿಗಿದೆಳೆದು ಮಗುವನ್ನು ಅರ್ಧ ಸೆಂಟಿಮೀಟರ್ ಸೊರಗಿಸಿದ್ದೆ.

ನಾಚಿಕೆಯಾಯಿತು, ನಿಜ. ಆದರೂ ಸದ್ಯ, ಕೂಸು ಅಷ್ಟು ಕೆಟ್ಟಿಲ್ಲವಲ್ಲ ಅಂತ ತಾಯಿಯ ಕಡೆ ನಕ್ಕೆ. ಅವಳು ನಗಲಿಲ್ಲ. ತಪಾಸಣೆಯ ಬೆಂಚಿನಾಚೆ ಇಟ್ಟಿದ್ದ ರಟ್ಟಿನ ಪೆಟ್ಟಿಗೆಯನ್ನೇ ನೋಡುತ್ತಿದ್ದಳು.

ಆ ಪೆಟ್ಟಿಗೆಯಲ್ಲಿದ್ದದ್ದು ಶೇಂಗಾ ಪೇಸ್ಟಿನ ಪೊಟ್ಟಣಗಳು. ಶೇಂಗಾ, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ಜೊತೆಗೆ ವಿಟಮಿನ್ನು, ಖನಿಜ. ಫ್ರಾನ್ಸಿನ ಮಕ್ಕಳ ವೈದ್ಯ ಆಂದ್ರೆ ಬ್ರಿಯಾಂ 1990ರ ದಶಕದಲ್ಲಿ ರೂಪಿಸಿದ ಆಹಾರ. 92 ಗ್ರಾಮಿನ ಒಂದು ಪೊಟ್ಟಣದಲ್ಲಿ 500 ಕ್ಯಾಲೊರಿ. ನೀರು ಬೆರೆಸಬೇಕಿಲ್ಲ, ಒಲೆ ಹಚ್ಚಬೇಕಿಲ್ಲ. ತುದಿ ಹರಿದು ಕೂಸಿನ ಬಾಯಿಗಿಟ್ಟರೆ ಚೀಪುತ್ತದೆ. ಆದರೆ ಅದು ಕೆಂಪಿನವರಿಗೆ ಮಾತ್ರ. ಹಳದಿಯವರಿಗೆ ಗಂಜಿಹಿಟ್ಟು, ಆ ವಾರ ಅದೂ ಬಂದಿರಲಿಲ್ಲ. ತಾಯಿ ಕೂಸನ್ನು ಬೆನ್ನಿಗೆ ಏರಿಸಿ, ಬಟ್ಟೆಯ ಗಂಟು ಎರಡು ಸಲ ಬಿಗಿದು, “ಜಿಕೋಮೊ” ಅಂತ ಕೃತಜ್ಞತೆ ಹೇಳಿ ನಡೆದಳು. ಯಾವುದಕ್ಕೆ ಕೃತಜ್ಞತೆ ಅಂತ ನಾನು ಕೇಳುವ ಹಾಗಿರಲಿಲ್ಲ. ನಾನು ತಪ್ಪಾಗಿ ಅಳೆದದ್ದನ್ನೇ ಬಿಟ್ಟಿದ್ದರೆ ಆ ಕೂಸಿಗೆ ಒಂದು ವಾರದ ಪೊಟ್ಟಣ ಸಿಗುತ್ತಿತ್ತು.

ಉಳಿದ ತಿಂಗಳುಗಳಲ್ಲಿ ಅಳತೆ ಚೆನ್ನಾಗಿ ಕಲಿತೆ. ಅದರ ಬಗ್ಗೆ ಹೇಳಲು ಹೆಚ್ಚೇನಿಲ್ಲ.

ಊರಿಗೆ ಬಂದ ಮರುದಿನ ಅಂಗನವಾಡಿಯಲ್ಲಿ ಅವ್ವನ ಪಕ್ಕ ಕೂತು ಇದನ್ನೆಲ್ಲ ಹೇಳಿದೆ. ಅವಳು ತತ್ತಿಯ ಸಿಪ್ಪೆ ಸುಲಿಯುತ್ತಿದ್ದಳು. ಶೇಂಗಾ ಪೇಸ್ಟಿನ ಮಾತಿಗೆ, “ಹಂಗಾದ್ರ ನಮ್ ಶೇಂಗಾ ಉಂಡಿ ಏನ್ ಕಮ್ಮಿ?” ಅಂದಳು. ಎರಡೂ ಒಂದೇ ಅಲ್ಲ, ಅದು ಔಷಧಿಯ ಲೆಕ್ಕದ್ದು ಅಂದೆ. “ಆಗಲ್ಯಾಕ” ಅಂದು ಸುಮ್ಮನಾದಳು. ಆ ತಾಯಿಯ ಮಾತು ಬಂದಾಗ ಮಾತ್ರ ಕೈ ನಿಲ್ಲಿಸಿದಳು.

“ಇಲ್ಲೂ ಹಂಗs ಯವ್ವಾ. ಕೂಸಿನ ತೂಕ ಕೂಡಿತು ಅಂದ್ರ ಹೆಚ್ಚಿನ ತತ್ತಿ ನಿಲ್ತದ. ತಾಯಿ ಖುಷಿ ಪಡ್ಬೇಕೋ ಅಳ್ಬೇಕೋ?”

“ಮತ್ತ ನೀ ಏನ್ ಮಾಡ್ತಿ?”

ಅವ್ವ ಬಾಗಿಲ ಕಡೆ ಒಮ್ಮೆ ನೋಡಿದಳು. “ಒಮ್ಮೊಮ್ಮೆ ಪುಸ್ತಕದಾಗ ಬರೆಯೋದು ಒಂದ್ ವಾರ ಮರೀತೀನಿ” ಅಂದು ಮುಂದಿನ ತತ್ತಿ ಕೈಗೆ ತಗೊಂಡಳು.