ಶಿರಸಿ ಪೇಟೆಯಲ್ಲಿ ಕೀಬೋರ್ಡ್ ಹುಡುಕಿದ ದಿನ

ನನಗೆ ಬೇಕಿದ್ದದ್ದು ಒಂದೇ ವೈರ್‌ಲೆಸ್ ಕೀಬೋರ್ಡ್. ಕೆಲಸ ಮಾತ್ರ ಎರಡು. ಹಗಲು ಬೆಂಗಳೂರಿನ ಕಂಪನಿಯೊಂದಕ್ಕೆ ಕನ್ನಡ ಪಠ್ಯ ತಿದ್ದುತ್ತೇನೆ, ಗ್ರಾಹಕರ ಪ್ರಶ್ನೆಗಳಿಗೆ ಉತ್ತರ ಬರೆಯುತ್ತೇನೆ. ಅದು ಕಂಪನಿ ಕೊಟ್ಟ ಲ್ಯಾಪ್‌ಟಾಪ್‌ನಲ್ಲಿ. ರಾತ್ರಿ ಊಟ ಆದ ಮೇಲೆ ಕಾಲೇಜಿನ ಗೆಳತಿಯರ ಜೊತೆ ವ್ಯಾಲರಂಟ್ ಅನ್ನುವ ಆನ್‌ಲೈನ್ ಶೂಟಿಂಗ್ ಆಟ ಆಡುತ್ತೇನೆ. ಅದು ನನ್ನ ಸ್ವಂತ ಡೆಸ್ಕ್‌ಟಾಪ್‌ನಲ್ಲಿ. ಎರಡೂ ಇರುವುದು ಒಂದೇ ಮೇಜಿನ ಮೇಲೆ. ಎರಡು ಕೀಬೋರ್ಡ್, ಎರಡು ವೈರ್ ಇಡಲು ಅಲ್ಲಿ ಜಾಗವಿಲ್ಲ.

ಮನೆ ಹುಲೇಕಲ್ ಕಡೆ. ಹಳೇ ಮನೆ, ಮಣ್ಣಿನ ದಪ್ಪ ಗೋಡೆ, ಸಣ್ಣ ಕಿಟಕಿ. ನಾನು ಕೆಲಸ ಮಾಡುವುದು ಮೆತ್ತಿನ ಮೇಲೆ, ಅಂದರೆ ಮಹಡಿಯಲ್ಲಿ. ಮಳೆಗಾಲದಲ್ಲಿ ಮಧ್ಯಾಹ್ನ ಮೂರಕ್ಕೇ ಅಲ್ಲಿ ಕತ್ತಲೆ. ಗಾಳಿ ಬಂದರೆ ಎಲ್ಲೋ ಮರ ಬಿದ್ದು ಕರೆಂಟ್ ಹೋಗುತ್ತದೆ. ಇನ್ವರ್ಟರ್‌ನಲ್ಲಿ ಫೈಬರ್ ಇಂಟರ್ನೆಟ್ಟಿನ ಪೆಟ್ಟಿಗೆ ಮತ್ತು ಮಾನಿಟರ್ ಉಳಿಯಲಿ ಅಂತ ಮೇಲಿನ ಬಲ್ಬ್ ಆರಿಸಿಬಿಡುತ್ತೇವೆ. ಹಾಗಾಗಿ ಕೀಬೋರ್ಡಿನಲ್ಲಿ ಲೈಟ್ ಇರುವುದು ನನಗೆ ಅಲಂಕಾರ ಅಲ್ಲ. ನೋಡದೆ ಟೈಪ್ ಮಾಡುವವರಿಗೆ ಲೈಟ್ ಯಾಕೆ ಅಂತ ಕೇಳುವವರಿದ್ದಾರೆ. ಅಕ್ಷರಗಳಿಗೆ ಬೇಡ ನಿಜ. ಆದರೆ ಮೇಲಿನ ಸಾಲಿನ ಚಿಹ್ನೆಗಳು, ಎಫ್ ಐದು, ಎಫ್ ಹನ್ನೆರಡು ಇಂಥವೆಲ್ಲ ಬೆರಳಿಗೆ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಆಟದ ಮಧ್ಯೆ ಕೈ ಎತ್ತಿ ಕನ್ನಡಕ ಸರಿ ಮಾಡಿಕೊಂಡು ವಾಪಸ್ ಇಡುವಾಗಲೂ ಅಷ್ಟೇ.

ಸದ್ದಿನ ವಿಷಯವೂ ಒಂದಿತ್ತು. ಹೋದ ಬೇಸಿಗೆಯಲ್ಲಿ ದೊಡ್ಡಪ್ಪನ ಮಗ ಅಣ್ಣನ ಮೆಕ್ಯಾನಿಕಲ್ ಕೀಬೋರ್ಡನ್ನು ಕೆಲವು ದಿನ ತಂದಿಟ್ಟುಕೊಂಡಿದ್ದೆ. ಮೆಕ್ಯಾನಿಕಲ್ ಅಂದರೆ ಪ್ರತಿ ಕೀ ಕೆಳಗೂ ಬೇರೆ ಬೇರೆ ಸ್ವಿಚ್ ಇರುವಂಥದ್ದು. ಇದು ನೀಲಿ ಸ್ವಿಚ್ಚಿನದು. ಒತ್ತಿದಾಗೆಲ್ಲ ಬೇಕಂತಲೇ ಕ್ಲಿಕ್ ಅನ್ನುವ ಹಾಗೆ ಮಾಡಿರುವ ಸ್ವಿಚ್ ಅದು. ನಮ್ಮ ಮೆತ್ತಿನ ನೆಲ ಮರದ ಹಲಗೆ. ಅದರ ಕೆಳಗೇ ಅಪ್ಪಯ್ಯ ಮಲಗುವ ಕೋಣೆ. ಮಾರನೇ ದಿನ ಬೆಳಿಗ್ಗೆ ಚಹಾ ಕುಡಿಯುತ್ತಾ, "ಮೆತ್ತಿನ ಮೇಲೆ ರಾತ್ರೆ ಎಂತದೇ ಕೂಸೇ, ಕಟಕಟ ಹೇಳಿ?" ಅಂತ ಕೇಳಿದರು. ಇಲಿ ಬಂದಿದೆ ಅಂದುಕೊಂಡು ಬೋನು ಹುಡುಕಿ ಇಟ್ಟಿದ್ದರು. ಬೆಳಗಿನ ಜಾವ ಎದ್ದು ತೋಟಕ್ಕೆ ಹೋಗುವವರ ನಿದ್ದೆ ಕೆಡಿಸಿ ಆಡುವ ಆಟ ನನಗೆ ಬೇಡ. ನೀಲಿ ಸ್ವಿಚ್ ಅವತ್ತೇ ಪಟ್ಟಿಯಿಂದ ಹೊರಗೆ ಹೋಯಿತು.

ಪೇಟೆಗೆ ಹೋದ ದಿನ ಜೋರು ಮಳೆ. ಅಡಿಕೆ ತೋಟಕ್ಕೆ ಕೊಳೆ ರೋಗದ ಔಷಧಿ ಹೊಡೆಸಬೇಕಿತ್ತು. ಮಳೆ ಹೊಳವಾಗಲಿಲ್ಲ, ಮರ ಹತ್ತುವ ಕೊನೆಗೌಡ ಬರಲಿಲ್ಲ. ಅಣ್ಣನಿಗೂ ಬಿಡುವು ಸಿಕ್ಕಿತು. ಅವನು ಸೊಸೈಟಿಯೊಂದರಲ್ಲಿ ಲೆಕ್ಕ ಬರೆಯುವವನು, ಅವನಿಗೂ ಹೊಸ ಕೀಬೋರ್ಡ್ ಬೇಕಿತ್ತು. ಇಬ್ಬರೂ ಕಾರು ಹತ್ತಿದೆವು. ಇಂಥದ್ದನ್ನು ಆನ್‌ಲೈನ್‌ನಲ್ಲಿ ತರಿಸಿದರೆ ಸ್ವಲ್ಪ ಅಗ್ಗ ಅಂತ ಗೊತ್ತು. ಆದರೆ ಕೀಬೋರ್ಡ್ ಬೆರಳಿಗೆ ಸಂಬಂಧಿಸಿದ ವಸ್ತು, ಫೋಟೋ ನೋಡಿ ಅದರ ಒತ್ತು ತಿಳಿಯುವುದಿಲ್ಲ. ಬಜೆಟ್ ಮೂರು ಸಾವಿರ. ಅದರ ಮೇಲೆ ಸ್ವಲ್ಪ ಹೋದರೂ ಆದೀತು ಅಂತ ಮನಸ್ಸಿನಲ್ಲೇ ಇಟ್ಟುಕೊಂಡಿದ್ದೆ.

ಸಿ.ಪಿ. ಬಜಾರಿನ ಹತ್ತಿರದ ಒಂದು ಸಣ್ಣ ಅಂಗಡಿ. ಅಂಗಡಿಯವರು ಬೇಜಾರಿಲ್ಲದೆ ಒಂದೊಂದೇ ಡಬ್ಬ ಬಿಚ್ಚಿದರು. "ಮೇಡಂ, ಇದು ನೋಡಿ, ಹದಿನೆಂಟು ತರದ ಲೈಟ್ ಬರ್ತದೆ" ಅಂತ ಮೊದಲು ತೋರಿಸಿದ್ದು ಬಣ್ಣಬಣ್ಣದ ಆರ್‌ಜಿಬಿ ಕೀಬೋರ್ಡ್. ಬೆಳಕು ಎಡದಿಂದ ಬಲಕ್ಕೆ ಅಲೆಯಂತೆ ಹರಿಯುತ್ತಿತ್ತು. ನೋಡಲು ಚೆಂದವೇ. ಅದರ ಪಕ್ಕದಲ್ಲಿ ಬರೀ ಬಿಳಿ ಲೈಟಿನ ಇನ್ನೊಂದು ಇಟ್ಟರು. ಟ್ಯೂಬ್‌ಲೈಟಿನ ಕೆಳಗೆ ಅದು ತೀರಾ ಸಪ್ಪೆ.

ಅಷ್ಟರಲ್ಲಿ ಕರೆಂಟ್ ಹೋಯಿತು. ಪೇಟೆಗೆ ಪೇಟೆಯೇ ಕತ್ತಲಾಯಿತು. ಕೀಬೋರ್ಡ್‌ಗಳು ಬ್ಯಾಟರಿಯವು, ಉರಿಯುತ್ತಲೇ ಇದ್ದವು. ಆಗ ಗೊತ್ತಾದದ್ದು ಇದು: ಬಣ್ಣದ ಕೀಬೋರ್ಡಿನಲ್ಲಿ ಬೆಳಕು ಬರುತ್ತಿದ್ದದ್ದು ಕೀಗಳ ಸಂದಿಯಿಂದ. ಕೀ ಮೇಲಿನ ಅಕ್ಷರಗಳು ಕಪ್ಪಗೆ ಹಾಗೇ ಇದ್ದವು. ಸುತ್ತ ಬೆಳಕು, ಓದಬೇಕಾದ ಜಾಗದಲ್ಲಿ ಕತ್ತಲೆ. ಸಪ್ಪೆ ಕೀಬೋರ್ಡಿನಲ್ಲಿ ಮಾತ್ರ ಒಂದೊಂದು ಅಕ್ಷರವೂ ಬೆಳ್ಳಗೆ ಎದ್ದು ಕಾಣುತ್ತಿತ್ತು. ಶಿಫ್ಟ್ ಅನ್ನುವ ಪದವನ್ನು ಮೂರಡಿ ದೂರದಿಂದ ಓದಬಹುದಿತ್ತು.

ಇದಕ್ಕೆ ಕಾರಣ ಕೀಕ್ಯಾಪ್, ಅಂದರೆ ಕೀ ಮೇಲಿನ ಪ್ಲಾಸ್ಟಿಕ್ ಟೋಪಿ. ಪಿಬಿಟಿ ಪ್ಲಾಸ್ಟಿಕ್ ಒಳ್ಳೆಯದು, ಎಬಿಎಸ್ ಬೇಗ ಎಣ್ಣೆ ಮೆತ್ತಿದ ಹಾಗೆ ಹೊಳೆಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅದು ಸರಿಯೇ. ಆದರೆ ಪಿಬಿಟಿಯಲ್ಲಿ ಅಕ್ಷರಗಳನ್ನು ಬಣ್ಣ ಇಳಿಸಿ ಅಚ್ಚು ಹಾಕಿದ್ದರೆ ಬೆಳಕು ದಾಟುವುದೇ ಇಲ್ಲ. ಬೆಳಕು ದಾಟಬೇಕಾದರೆ ಅಕ್ಷರದ ಜಾಗದಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಇರಬೇಕು. ಎರಡು ಪ್ಲಾಸ್ಟಿಕ್ ಸೇರಿಸಿ ಎರಕ ಹೊಯ್ದದ್ದನ್ನು ಡಬಲ್ ಶಾಟ್ ಅನ್ನುತ್ತಾರೆ. ಅದರಲ್ಲಿ ಅಕ್ಷರ ಅಳಿಸುವ ಮಾತೇ ಇಲ್ಲ. ಇನ್ನೂ ಅಗ್ಗದ್ದರಲ್ಲಿ ಪಾರದರ್ಶಕ ಕ್ಯಾಪ್‌ಗೆ ಕಪ್ಪು ಬಣ್ಣ ಬಳಿದು ಲೇಸರ್‌ನಿಂದ ಅಕ್ಷರ ಕೆರೆದಿರುತ್ತಾರೆ. ಆ ಬಣ್ಣ ಸವೆಯುತ್ತದೆ. ಸವೆದ ಕಡೆಯಿಂದೆಲ್ಲ ಬೆಳಕು ಸೋರುತ್ತದೆ. ಅಂಗಡಿಯವರಿಗೆ ಹೇಳಿ ಒಂದು ಕ್ಯಾಪ್ ಕಿತ್ತು ತಿರುಗಿಸಿ ನೋಡಿದೆ. ಡಬಲ್ ಶಾಟ್ ಆಗಿದ್ದರೆ ಒಳಗಡೆ ಎರಡು ಬಣ್ಣದ ಪ್ಲಾಸ್ಟಿಕ್ ಕಾಣುತ್ತದೆ. ಕಂಡಿತು.

ಅಕ್ಷರ ಸವೆಯುವ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವುದಕ್ಕೆ ಕಾರಣ ಇದೆ. ನಾನು ಕನ್ನಡ ಟೈಪ್ ಮಾಡುವುದು ಕೆ.ಪಿ. ರಾವ್ ಅವರು ರೂಪಿಸಿದ, ನುಡಿ ತಂತ್ರಾಂಶದಲ್ಲೂ ಇರುವ ಕೀ ವಿನ್ಯಾಸದಲ್ಲಿ. ಅದರಲ್ಲಿ ಎಫ್ ಅಂದರೆ ಅರ್ಧಾಕ್ಷರದ ಕೀ. "ಅಕ್ಕ" ಅಂತ ಬರೆಯಲು ಎ, ಕೆ, ಎಫ್, ಕೆ. ಕನ್ನಡದಲ್ಲಿ ಒತ್ತಕ್ಷರ ಇಲ್ಲದ ಸಾಲು ಎಲ್ಲಿದೆ? ಹಳೇ ಕೀಬೋರ್ಡಿನಲ್ಲಿ ಎಫ್ ಪೂರ್ತಿ ಮಾಯವಾಗಿತ್ತು, ಮಧ್ಯದ ಸಣ್ಣ ಗೀಟು ಮಾತ್ರ ಬೆರಳಿಗೆ ತಾಗುತ್ತಿತ್ತು. ಅದೇ ವಿನ್ಯಾಸದಲ್ಲಿ ಡಬ್ಲ್ಯೂ ಅಂದರೆ ಡ. ಆಟದಲ್ಲಿ ಡಬ್ಲ್ಯೂ ಅಂದರೆ ಮುಂದೆ ನಡೆ. ಹಗಲೂ ರಾತ್ರಿ ದುಡಿಯುವ ಕೀ ಅದು.

ದೀರ್ಘ ಬೇಕೆಂದರೆ, ಮಹಾಪ್ರಾಣ ಬೇಕೆಂದರೆ, ಣ ಬೇಕೆಂದರೆ ಶಿಫ್ಟ್ ಒತ್ತಬೇಕು. ಇಂಗ್ಲಿಷ್ ಟೈಪ್ ಮಾಡುವವರಿಗಿಂತ ನಮಗೆ ಶಿಫ್ಟ್ ಕೆಲಸ ಎಷ್ಟೋ ಜಾಸ್ತಿ. ಇವತ್ತು ಚಾಲ್ತಿಯಲ್ಲಿರುವ ಪುಟಾಣಿ ಕೀಬೋರ್ಡ್‌ಗಳಲ್ಲಿ ಬಾಣದ ಕೀಗಳನ್ನು ತುರುಕಲು ಬಲಗಡೆಯ ಶಿಫ್ಟನ್ನು ಚಿಕ್ಕದು ಮಾಡಿರುತ್ತಾರೆ. ಕಿರುಬೆರಳು ಪ್ರತಿ ಸಲ ಪಕ್ಕದ ಬಾಣಕ್ಕೆ ತಾಗಿ ಕರ್ಸರ್ ಬೇರೆ ಸಾಲಿಗೆ ಹಾರುತ್ತದೆ. ಇದನ್ನು ಯಾವ ವಿಮರ್ಶೆಯೂ ನಮಗಾಗಿ ಹೇಳುವುದಿಲ್ಲ. ನಾನು 87 ಕೀಗಳ ಟಿಕೆಎಲ್ (ಟೆನ್‌ಕೀಲೆಸ್) ಮಾದರಿ ಆರಿಸಿದ್ದು ಇದೇ ಕಾರಣಕ್ಕೆ. ಎರಡೂ ಕಡೆ ಪೂರ್ತಿ ಅಗಲದ ಶಿಫ್ಟ್. ಹೋಮ್, ಎಂಡ್, ಡಿಲೀಟ್ ತಮ್ಮ ತಮ್ಮ ಜಾಗದಲ್ಲಿ. ಬಲಗಡೆಯ ಅಂಕಿಗಳ ಕೀಪ್ಯಾಡ್ ಇಲ್ಲ, ಅಲ್ಲಿ ಮೌಸ್ ಓಡಾಡಲು ಜಾಗ ಸಿಗುತ್ತದೆ. ಅಣ್ಣ ಒಪ್ಪಲಿಲ್ಲ. "ಅಂಕಿ ಇಲ್ಲದ ಕೀಬೋರ್ಡ್ ತಗೊಂಡು ನಾ ಎಂತ ಮಾಡಲಿ ಮಾರಾಯ್ತಿ?" ಅಂದ. ಅವನ ಮಾತೂ ನ್ಯಾಯವೇ. ದಿನವಿಡೀ ಅಡಿಕೆ ಲೆಕ್ಕ ಹೊಡೆಯುವವನಿಗೆ 104 ಕೀಗಳ ಪೂರ್ತಿ ಕೀಬೋರ್ಡೇ ಬೇಕು. ಅವನು ಸಾವಿರದ ಆಸುಪಾಸಿನ, ಮೆಂಬ್ರೇನ್ ಮಾದರಿಯ (ಬೇರೆ ಬೇರೆ ಸ್ವಿಚ್ ಬದಲು ಒಳಗೆ ಮೆತ್ತನೆಯ ಹಾಳೆ ಇರುವ) ವೈರ್‌ಲೆಸ್ ಒಂದನ್ನು ತೆಗೆದುಕೊಂಡ. ಅವನ ಕೆಲಸಕ್ಕೆ ಅದು ಸಾಕು.

ನನಗೆ ಮೆಂಬ್ರೇನ್ ಯಾಕೆ ಆಗಲಿಲ್ಲ ಅಂದರೆ, ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿದೆವು. ನೋಟ್‌ಪ್ಯಾಡ್ ತೆರೆದು ಡಬ್ಲ್ಯೂ, ಎ ಎರಡನ್ನೂ ಒತ್ತಿ ಹಿಡಿದು, ಆಟದಲ್ಲಿ ಬೇಕಾಗುವ ಉಳಿದ ಕೀಗಳನ್ನು ಒಂದೊಂದಾಗಿ ಒತ್ತಿದೆ. ಅಗ್ಗದ ಮೆಂಬ್ರೇನ್‌ನಲ್ಲಿ ಕೆಲವು ಅಕ್ಷರ ಬರಲೇ ಇಲ್ಲ. ಒಳಗೆ ಪ್ರತಿ ಕೀಗೂ ಬೇರೆ ತಂತಿ ಇರುವುದಿಲ್ಲ, ಅಡ್ಡ ಸಾಲು ಉದ್ದ ಸಾಲಿನ ಬಲೆ ಇರುತ್ತದೆ. ಆ ಬಲೆಯ ಮೂರು ಮೂಲೆ ಒಟ್ಟಿಗೆ ಒತ್ತಿದರೆ ನಾಲ್ಕನೇ ಮೂಲೆಯನ್ನೂ ಒತ್ತಿದಂತೆ ಕಾಣುತ್ತದೆ. ಗೊಂದಲ ಬೇಡ ಅಂತ ಕೀಬೋರ್ಡ್ ಮೂರನೆಯದನ್ನು ಕಳಿಸುವುದೇ ಇಲ್ಲ. ಪ್ರತಿ ಕೀಗೆ ಒಂದು ಡಯೋಡ್, ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ, ಹಾಕಿದರೆ ಈ ತೊಂದರೆ ಇಲ್ಲ. ಮೆಕ್ಯಾನಿಕಲ್‌ಗಳಲ್ಲಿ ಸಾಮಾನ್ಯವಾಗಿ ಹಾಕಿರುತ್ತಾರೆ.

ಮೆಕ್ಯಾನಿಕಲ್ ಈಗ ನಮ್ಮ ಕೈಗೆ ಎಟುಕುವುದಕ್ಕೂ ಕಾರಣ ಇದೆ. ಈ ಸ್ವಿಚ್ಚುಗಳನ್ನು 1980ರ ದಶಕದಲ್ಲಿ ತಂದದ್ದು ಜರ್ಮನಿಯ ಚೆರಿ ಕಂಪನಿ. ಅದರ ಪೇಟೆಂಟ್ ಮುಗಿದ ಮೇಲೆ ಗೇಟೆರಾನ್, ಕೈಲ್, ಔಟೆಮು ಮುಂತಾದ ಚೀನಾದ ತಯಾರಕರು ಅದೇ ಮಾದರಿಯವನ್ನು ಕಡಿಮೆ ಬೆಲೆಗೆ ಮಾಡತೊಡಗಿದರು. ನಾನು ಆರಿಸಿದ್ದು ಕೆಂಪು ಸ್ವಿಚ್. ಕ್ಲಿಕ್ ಇಲ್ಲ, ಮಧ್ಯೆ ತಡೆಯೂ ಇಲ್ಲ, ನೇರ ಇಳಿಯುತ್ತದೆ. ಸುಮಾರು 45 ಗ್ರಾಂ ಒತ್ತಿದರೆ, ಎರಡು ಮಿಲಿಮೀಟರ್ ಇಳಿದರೆ, ಅಕ್ಷರ ಬಿತ್ತು. ತಳಕ್ಕೆ ಬಡಿದಾಗಿನ ಸದ್ದು ಮಾತ್ರ ಉಳಿಯುತ್ತದೆ. ಅದಕ್ಕೆ ಕೀಬೋರ್ಡಿನ ಕೆಳಗೆ ಹಳೇ ಕಂಬಳಿಯ ತುಂಡು ಹಾಕಿದ್ದೇನೆ. ಅಪ್ಪಯ್ಯ ಬೋನನ್ನು ಅಟ್ಟಕ್ಕೆ ಹಾಕಿದ್ದಾರೆ.

ವೈರ್‌ಲೆಸ್ ಅಂದರೆ ಎಲ್ಲವೂ ಒಂದೇ ಅಲ್ಲ. ಡಬ್ಬದ ಮೇಲೆ ಬ್ಲೂಟೂತ್ ಅಂತ ಮಾತ್ರ ಇದ್ದರೆ ಆಟಕ್ಕೆ ಅದು ಸಾಲದು. ಸಾಮಾನ್ಯ ಬ್ಲೂಟೂತ್ ಕೀಬೋರ್ಡ್ ಎರಡು ಸಂದೇಶಗಳ ನಡುವೆ ಕಡಿಮೆ ಅಂದರೂ 7.5 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ, ಎಷ್ಟೋ ಸಲ ಜಾಸ್ತಿಯೇ. 2.4 ಗಿಗಾಹರ್ಟ್ಸ್ ಡಾಂಗಲ್, ಅಂದರೆ ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ರಿಸೀವರ್, ಇರುವ ಗೇಮಿಂಗ್ ಕೀಬೋರ್ಡ್ ಸೆಕೆಂಡಿಗೆ 1000 ಸಲ ಕಳಿಸಬಲ್ಲದು. ಪತ್ರ ಬರೆಯುವಾಗ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ, ಎದುರಾಳಿ ಬಾಗಿಲ ಸಂದಿಯಲ್ಲಿ ಬಂದಾಗ ಗೊತ್ತಾಗುತ್ತದೆ. ನನಗೆ ಎರಡೂ ಬೇಕಿತ್ತು. ಕಂಪನಿಯ ಲ್ಯಾಪ್‌ಟಾಪ್‌ನಲ್ಲಿ ಹೊರಗಿನ ಯುಎಸ್‌ಬಿ ಸಾಧನ ಹಾಕುವಂತಿಲ್ಲ, ಬ್ಲೂಟೂತ್ ಮಾತ್ರ ಬಿಟ್ಟಿದ್ದಾರೆ. ಡೆಸ್ಕ್‌ಟಾಪ್‌ಗೆ ಡಾಂಗಲ್. ಸಂಜೆ ಕೆಲಸ ಮುಗಿದ ಕೂಡಲೇ ಎರಡು ಕೀ ಒಟ್ಟಿಗೆ ಒತ್ತಿದರೆ ಕೀಬೋರ್ಡ್ ಲ್ಯಾಪ್‌ಟಾಪ್ ಬಿಟ್ಟು ಡೆಸ್ಕ್‌ಟಾಪ್‌ಗೆ ಹೋಗುತ್ತದೆ. ಈ ಒಂದು ಸೌಕರ್ಯಕ್ಕೆ ಬಜೆಟ್ಟಿನ ಮೇಲೆ ಹೋದ ನಾನೂರು ರೂಪಾಯಿ ಸಾರ್ಥಕ ಅಂತ ನನ್ನ ಭಾವನೆ.

ಮನೆಗೆ ತಂದು ಡಾಂಗಲನ್ನು ಸಿಪಿಯು ಹಿಂಭಾಗಕ್ಕೆ ಸಿಕ್ಕಿಸಿದರೆ ಆಗಾಗ ಅಕ್ಷರ ಜಿಗಿಯುತ್ತಿತ್ತು. ಪಕ್ಕದಲ್ಲೇ ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟ್, ಅದರಲ್ಲಿ ಹಾರ್ಡ್‌ಡಿಸ್ಕ್. ಯುಎಸ್‌ಬಿ 3ರ ಓಡಾಟ 2.4 ಗಿಗಾಹರ್ಟ್ಸ್ ಸುತ್ತ ಗದ್ದಲ ಎಬ್ಬಿಸುತ್ತದೆ, ಇದನ್ನು ಇಂಟೆಲ್ 2012ರಲ್ಲೇ ಬರೆದು ಪ್ರಕಟಿಸಿದೆ. ಒಂದು ಸಣ್ಣ ಎಕ್ಸ್‌ಟೆನ್ಶನ್ ವೈರ್ ಹಾಕಿ ಡಾಂಗಲನ್ನು ಮೇಜಿನ ಮೇಲೆ ತಂದಿಟ್ಟೆ. ಆಮೇಲೆ ಒಂದಕ್ಷರವೂ ತಪ್ಪಲಿಲ್ಲ.

ಲೈಟನ್ನು ಪೂರ್ತಿ ಏರಿಸಿದರೆ ಬ್ಯಾಟರಿ ಬೇಗ ಖಾಲಿ. ಕೀಬೋರ್ಡಿನಲ್ಲಿ ಅತಿ ಹೆಚ್ಚು ಕರೆಂಟ್ ತಿನ್ನುವುದೇ ಲೈಟು. ನಾನು ತೀರಾ ಕೆಳಗಿನ ಮಟ್ಟಕ್ಕೆ ಇಟ್ಟಿದ್ದೇನೆ, ಕತ್ತಲೆಯಲ್ಲಿ ಅಷ್ಟೇ ಸಾಕು. ಚಾರ್ಜ್ ಆಗುವಾಗ ಅದೇ ವೈರಿನಲ್ಲಿ ಕೀಬೋರ್ಡ್ ಕೆಲಸವನ್ನೂ ಮಾಡುತ್ತದಾ ಅಂತ ಅಂಗಡಿಯಲ್ಲೇ ಕೇಳಿ ನೋಡಿಕೊಂಡಿದ್ದೆ. ಕೆಲವದರಲ್ಲಿ ಆ ವೈರ್ ಬರೀ ಚಾರ್ಜಿಗೆ.

ನಮ್ಮ ಕಡೆ ಮಳೆಗಾಲದ ತೇವಕ್ಕೆ ಏನೂ ಉಳಿಯುವುದಿಲ್ಲ. ಚಪ್ಪಲಿಗೆ ಬೂಸ್ಟು, ಪುಸ್ತಕಕ್ಕೆ ಬೂಸ್ಟು. ಜೊತೆಗೆ ಕೆಂಪು ಇರುವೆ. ಹಳೇ ಕೀಬೋರ್ಡಿನ ಸ್ಪೇಸ್‌ಬಾರ್ ಕೆಳಗೆ ಮೊಟ್ಟೆ ಸಮೇತ ಸಂಸಾರ ಹೂಡಿದ್ದವು. ಆದ್ದರಿಂದ ನಾನು ಕೊನೆಗೆ ಹಟ ಹಿಡಿದದ್ದು ಹಾಟ್‌ಸ್ವಾಪ್ ಬೇಕು ಅಂತ. ಅಂದರೆ ಬೆಸುಗೆ ಇಲ್ಲದೆ ಸ್ವಿಚ್ಚನ್ನೇ ಚಿಮಟದಿಂದ ಕಿತ್ತು ಬೇರೆ ಹಾಕುವಂಥದ್ದು. ಒಂದು ಕೀ ಕೆಟ್ಟರೆ ಇಡೀ ಕೀಬೋರ್ಡ್ ಎಸೆಯಬೇಕಿಲ್ಲ. ಅಂಗಡಿಯವರ ಹತ್ತಿರ ಬಿಡಿ ಸ್ವಿಚ್ ಇರಲಿಲ್ಲ. ಹುಬ್ಬಳ್ಳಿಯಿಂದ ತರಿಸಿಕೊಡುತ್ತೇನೆ ಅಂದಿದ್ದಾರೆ. ಎಫ್‌ಗೆ ಒಂದು, ಡಬ್ಲ್ಯೂಗೆ ಒಂದು, ಎರಡೂ ಶಿಫ್ಟಿಗೆ ಒಂದೊಂದು ಅಂತ ಹೇಳಿ ಬಂದಿದ್ದೇನೆ.