ವಿಎಚ್‌ಎಫ್ ಬಿಟ್ಟ ಮೇಲೆ, ಸ್ಯಾಟ್‌ಕಾಮ್ ಹಿಡಿಯುವ ಮೊದಲು

ವಿಮಾನದ ಡೇಟಾ ಸಂದೇಶಗಳು ನೆಲದ ಬಳಿ ವಿಎಚ್‌ಎಫ್ ರೇಡಿಯೋದಲ್ಲಿ, ಸಾಗರದ ಮೇಲೆ ಸ್ಯಾಟ್‌ಕಾಮ್ ಎಂಬ ಉಪಗ್ರಹ ಸಂಪರ್ಕದಲ್ಲಿ ಹೋಗುತ್ತವೆ. ಲ್ಯಾಬ್‌ನಲ್ಲಿ ವಿಎಚ್‌ಎಫ್ ಕೇಬಲ್ ಕಿತ್ತಾಗ ಸಿಎಂಯು (ಆ ಸಂದೇಶಗಳನ್ನು ನಿರ್ವಹಿಸುವ ವಿಮಾನದ ಪೆಟ್ಟಿಗೆ) ಚಕ್ಕನೆ ಸ್ಯಾಟ್‌ಕಾಮ್‌ಗೆ ಹೊರಳಿತು, ಯಾವ ಸಂಪರ್ಕ ಇದೆ, ಯಾವುದು ಹೋಯಿತು ಎಂದು ನೆಲಕ್ಕೆ ತಿಳಿಸುವ ಎಸ್‌ಎ ಲೇಬಲ್‌ನ ಮೀಡಿಯಾ ಅಡ್ವೈಸರಿ ಹೋಯಿತು, ಪಾಸ್ ಎಂದು ಸಹಿಯೂ ಬಿತ್ತು. ಅದೇ ಸೆಟಪ್ ಸಾಗರದ ಮೇಲೆ ಹಾರಿದಾಗ ಸಿಪಿಡಿಎಲ್‌ಸಿ (ಎಟಿಸಿ, ಅಂದರೆ ವಾಯು ಸಂಚಾರ ನಿಯಂತ್ರಕರು, ಮತ್ತು ಪೈಲಟ್ ನಡುವಿನ ಪಠ್ಯ ಸಂದೇಶ) ಅಪ್‌ಲಿಂಕ್, ಅಂದರೆ ನೆಲದಿಂದ ವಿಮಾನಕ್ಕೆ ಬರುವ ಸಂದೇಶ, ಒಂದು ನಡುದಾರಿಯಲ್ಲಿ ಸಿಕ್ಕಿಕೊಂಡಿತು. ರೇಡಿಯೋ, ಎಸ್‌ಡಿಯು (ವಿಮಾನದ ಉಪಗ್ರಹ ಪೆಟ್ಟಿಗೆ) ಎರಡೂ ಚೆನ್ನಾಗಿಯೇ ಇದ್ದವು.

ಕಾರಣ ನಮ್ಮ ಸ್ಕ್ರಿಪ್ಟ್‌ನಲ್ಲಿತ್ತು. ಅದು ಬಿಡುವಿಲ್ಲದೆ ಡೌನ್‌ಲಿಂಕ್ (ವಿಮಾನದಿಂದ ನೆಲಕ್ಕೆ ಸಂದೇಶ) ಕಳಿಸುತ್ತಿತ್ತು; ಅಕ್, ಅಂದರೆ ಸಂದೇಶ ಮುಟ್ಟಿತೆಂಬ ಸ್ವೀಕೃತಿ, ಬರದಿದ್ದರೆ ಸಿಎಂಯುಗೆ ಕೂಡಲೇ ಗೊತ್ತಾಗುತ್ತದೆ. ನಿಜವಾದ ವಿಮಾನ ಎಡಿಎಸ್-ಸಿ (ತಾನಾಗಿ ಹೋಗುವ ಸ್ಥಾನ ಮಾಹಿತಿ) ವರದಿಗಳ ನಡುವೆ ಹಲವು ನಿಮಿಷ ಸುಮ್ಮನಿರುತ್ತದೆ. 35,000 ಅಡಿಯಲ್ಲಿ ವಿಎಚ್‌ಎಫ್ ದೃಷ್ಟಿರೇಖೆ ಸುಮಾರು 230 ನಾಟಿಕಲ್ ಮೈಲಿ. ಅದನ್ನು ದಾಟಿದ್ದು ಟೈಮರ್ ಮುಗಿಯುವವರೆಗೆ ಸಿಎಂಯುಗೆ ತಿಳಿಯದು, ಆದ್ದರಿಂದ ಅಡ್ವೈಸರಿಯೂ ಹೊರಡದು. ಅಷ್ಟರಲ್ಲಿ ಬಂದ ಅಪ್‌ಲಿಂಕನ್ನು ಸೇವಾದಾರರ (ಸಂದೇಶ ಸಾಗಿಸುವ ಜಾಲದ ಕಂಪನಿಯ) ಪ್ರೊಸೆಸರ್ ಹಳೆಯ ಮಾಹಿತಿ ನಂಬಿ ವಿಎಚ್‌ಎಫ್‌ಗೇ ತಳ್ಳುತ್ತದೆ, ಅಕ್ ಇಲ್ಲವೆಂದು ಮತ್ತೆ ಮತ್ತೆ ಪ್ರಯತ್ನಿಸಿ, ಕೊನೆಗೆ ಉಪಗ್ರಹಕ್ಕೆ ಕೊಡುತ್ತದೆ. ಆರ್‌ಸಿಪಿ 240 ಎಂಬ ಸಂವಹನ ಮಾನದಂಡದಲ್ಲಿ ಪೈಲಟ್ ಉತ್ತರವೂ ಸೇರಿ ಶೇ. 95 ವಹಿವಾಟು 210 ಸೆಕೆಂಡಿನೊಳಗೆ, ಶೇ. 99.9 ವಹಿವಾಟು 240ರೊಳಗೆ ಮುಗಿಯಬೇಕು. ಮರುಪ್ರಯತ್ನಗಳೇ ಅದರಲ್ಲಿ ದೊಡ್ಡ ಪಾಲು ನುಂಗಿದರೆ ಕಾಕ್‌ಪಿಟ್‌ಗೆ ಉಳಿಯುವುದೇನು?

ಹಾಗಾಗಿ ಕೇಬಲ್ ಕೀಳುವ ಟೆಸ್ಟನ್ನು ನಂಬಬೇಡಿ. ಡೌನ್‌ಲಿಂಕ್ ನಿಲ್ಲಿಸಿ, ಅಟೆನ್ಯುಯೇಟರನ್ನು (ಸಿಗ್ನಲ್ ಕುಗ್ಗಿಸುವ ಉಪಕರಣ) 1 ಡಿಬಿಯಂತೆ ಏರಿಸುತ್ತಾ ಹೋಗಿ. ಸಿಗ್ನಲ್ ಸತ್ತ ಮೇಲೆ, ಅಡ್ವೈಸರಿ ಬರುವ ಮೊದಲು, ನೆಲದಿಂದ ಅಪ್‌ಲಿಂಕ್ ಬಿಡಿ. ಇನ್ನೊಂದು ಸಲ ಅಪ್‌ಲಿಂಕ್ ಮುಟ್ಟಲಿ, ಅಕ್ ಮಾತ್ರ ಕಳೆಯಲಿ: ಅದೇ ಸಂದೇಶ ಉಪಗ್ರಹದಿಂದ ಎರಡನೇ ಬಾರಿ ಬಂದರೆ ಡೂಪ್ಲಿಕೇಟ್ ಎಂದು ಗುರುತಾಗುತ್ತದೆಯೇ ನೋಡಿ. ನೆಲದ ಮರುಪ್ರಯತ್ನದ ಮಿತಿಯನ್ನು ಸೇವಾದಾರರೊಂದಿಗೆ ಕೂತು ಇಳಿಸಬೇಕು, ವಿಮಾನದ ಕಡೆಯಿಂದ ಅದನ್ನು ಮುಟ್ಟಲಾಗದು.

ಉಪಗ್ರಹದ ಬಿಲ್ ಉಳಿಸಲು ಮ್ಯಾನೇಜ್‌ಮೆಂಟ್ ಎಎಂಐಯಲ್ಲಿ (ವಿಮಾನಯಾನ ಕಂಪನಿ ತಾನೇ ಬದಲಿಸಬಹುದಾದ ಸೆಟ್ಟಿಂಗ್ ಫೈಲ್) ಎಒಸಿ, ಅಂದರೆ ಕಂಪನಿಯ ಸ್ವಂತ ಕಾರ್ಯಾಚರಣೆ ಸಂದೇಶಗಳ, ಲೇಬಲ್‌ಗಳನ್ನೆಲ್ಲ 'ವಿಎಚ್‌ಎಫ್ ಮಾತ್ರ' ಮಾಡಿಸುವುದುಂಟು. ಎಂಜಿನ್ ವರದಿಗಳೆಲ್ಲ ಸರದಿಯಲ್ಲಿ ಕೂತು, ಕರಾವಳಿ ಸಿಕ್ಕೊಡನೆ ಒಟ್ಟಿಗೆ ನುಗ್ಗುತ್ತವೆ. ಚಾನೆಲ್ 2,400 ಬಿಪಿಎಸ್‌ನ ಹಳೆಯ ಎಕಾರ್ಸ್ (ವಿಮಾನ-ನೆಲ ಸಂದೇಶ ವ್ಯವಸ್ಥೆ) ಆಗಿದ್ದರೆ ಕೇಳುವುದೇ ಬೇಡ. ಉಳಿತಾಯದ ಸ್ಲೈಡ್‌ನಲ್ಲಿ ಇದು ಕಾಣುವುದಿಲ್ಲ. ಅದೇ ಫೈಲ್‌ನಲ್ಲಿ ಬಿ0 (ಎಟಿಸಿ ಲಾಗಾನ್), ಬಿ6 (ಎಡಿಎಸ್-ಸಿ), ಬಿಎ (ಸಿಪಿಡಿಎಲ್‌ಸಿ) ಲೇಬಲ್‌ಗಳೂ ತಪ್ಪಿ ಸೇರಿವೆಯೇ ಎಂದು ಕಣ್ಣಾರೆ ನೋಡಿ. ಸೇರಿದ್ದರೆ ಸಾಗರದ ನಡುವೆ ಲಾಗಾನ್ ಕೂಡ ಹೋಗದು.

ಲಾಗ್ ಹೋಲಿಸುವ ಮೊದಲು ಸಿಎಂಯು, ಸೇವಾದಾರ, ಎಟಿಸಿ ಮೂರೂ ಗಡಿಯಾರಗಳ ವ್ಯತ್ಯಾಸ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಅಕ್ ಅಪ್‌ಲಿಂಕ್‌ಗಿಂತ ಮೊದಲೇ ಬಂದಂತೆ ಕಂಡು, ಮೀಟಿಂಗ್ ಪೂರ್ತಿ ಅದರ ಜಗಳದಲ್ಲೇ ಕಳೆಯುತ್ತದೆ.