‘ಅಣ್ಣಾ, ಯಾವ ಇಂಟರ್‌ಕಾಮ್ ತಗೊಳ್ಳುದು?’

ಮಳೆಗಾಲ ಮುಗಿದು ಘಾಟಿ ರಸ್ತೆಗಳು ಒಣಗತೊಡಗಿದರೆ ನನ್ನ ವಾಟ್ಸಾಪಿಗೆ ಈ ಪ್ರಶ್ನೆ ಬರಲು ಶುರು. ಬೈಕ್ ಸವಾರರು ಹೆಲ್ಮೆಟಿಗೆ ಹಾಕಿಕೊಂಡು ಒಬ್ಬರಿಗೊಬ್ಬರು ಮಾತಾಡುವ ಪುಟ್ಟ ಸಾಧನ ಈ ಇಂಟರ್‌ಕಾಮ್. ಕೇಳುವವರಲ್ಲಿ ಹೆಚ್ಚಿನವರು ಎರಡು ಮಾಡೆಲುಗಳ ಫೋಟೋ ಕಳಿಸಿ ‘ಇದರಲ್ಲಿ ಯಾವುದು ಒಳ್ಳೆದು?’ ಎನ್ನುತ್ತಾರೆ. ನನ್ನ ಉತ್ತರ ಅವರಿಗೆ ಅಷ್ಟಾಗಿ ಹಿಡಿಸುವುದಿಲ್ಲ. ಮಾಡೆಲಿನ ಮಾತು ಆಮೇಲೆ ಮಾರಾಯ್ರೆ, ನೀವು ಯಾರ ಜೊತೆ ಹೋಗುವುದು, ತಲೆ ಮೇಲಿರುವ ಹೆಲ್ಮೆಟ್ ಯಾವುದು, ಅದನ್ನು ಮೊದಲು ಹೇಳಿ ಎನ್ನುತ್ತೇನೆ. ಇಂಟರ್‌ಕಾಮ್ ಒಬ್ಬರೇ ಕೂತು ಆರಿಸುವ ವಸ್ತುವಲ್ಲ. ಆ ಕಡೆ ಮಾತಾಡುವವರ ಹತ್ತಿರ ಏನಿದೆ ಎಂಬುದರ ಮೇಲೆ ನಿಮ್ಮ ಆಯ್ಕೆಯ ಮುಕ್ಕಾಲು ಪಾಲು ನಿರ್ಧಾರವಾಗಿರುತ್ತದೆ.

ಹಿಂದಿನ ಸೀಟಿನವರ ಜೊತೆ ಮಾತಾಡಲು ಬೇಕು ಎನ್ನುವವರೇ ಜಾಸ್ತಿ. ಗಂಡ ಹೆಂಡತಿ ಭಾನುವಾರ ಮರವಂತೆ ಕಡೆಗೋ ಕಾಪು ಕಡೆಗೋ ಹೋಗುವವರು. ಇವರಿಗೆ ನಾನು ದುಬಾರಿ ಸೆಟ್ ಹೇಳುವುದೇ ಇಲ್ಲ. ಇಬ್ಬರ ತಲೆಗಳ ನಡುವಿನ ಅಂತರ ಒಂದು ಗೇಣು. ಅಲ್ಲಿ ‘1.6 ಕಿಲೋಮೀಟರ್ ರೇಂಜ್’ ಎಂದು ಡಬ್ಬದ ಮೇಲೆ ಬರೆದದ್ದರಿಂದ ಏನಾಗಬೇಕು? ಸಾಮಾನ್ಯ ಬ್ಲೂಟೂತ್ ಇಂಟರ್‌ಕಾಮಿನ ಜೋಡಿ ಪ್ಯಾಕ್ ಧಾರಾಳ ಸಾಕು. ಉಳಿದ ದುಡ್ಡಿನಲ್ಲಿ ಹಿಂದೆ ಕೂರುವವರಿಗೂ ಒಂದು ಒಳ್ಳೆಯ ಫುಲ್‌ಫೇಸ್ ಹೆಲ್ಮೆಟ್ ತೆಗೆಸಿಕೊಡಿ. ನಮ್ಮಲ್ಲಿ ಓಡಿಸುವವರ ತಲೆಗೆ ಹತ್ತು ಸಾವಿರದ್ದು, ಹಿಂದಿನವರ ತಲೆಗೆ ಮನೆಯಲ್ಲಿ ಬಿದ್ದಿದ್ದ ಅರ್ಧ ಹೆಲ್ಮೆಟು. ಇದು ನನಗೆ ಯಾವತ್ತೂ ಅರ್ಥವಾಗದ ಲೆಕ್ಕ.

ಒಬ್ಬರೇ ಹೋಗುವವರಿಗೆ ಇಂಟರ್‌ಕಾಮೇ ಬೇಡ. ಮ್ಯಾಪಿನ ಅಕ್ಕ ‘ಎಡಕ್ಕೆ ತಿರುಗಿ’ ಎನ್ನುವುದು ಕೇಳಬೇಕು, ಮನೆಯಿಂದ ಕರೆ ಬಂದರೆ ಗೊತ್ತಾಗಬೇಕು, ಅಷ್ಟೇ. ಹೆಲ್ಮೆಟಿಗೆ ಹಾಕುವ ಬ್ಲೂಟೂತ್ ಸ್ಪೀಕರು ಅಷ್ಟನ್ನು ಮಾಡುತ್ತದೆ.

ನಿಜವಾಗಿ ಯೋಚಿಸಬೇಕಾದವರು ನಾಲ್ಕೈದು ಬೈಕಿನಲ್ಲಿ ಆಗುಂಬೆ, ಚಾರ್ಮಾಡಿ, ಕುದುರೆಮುಖ ಎಂದು ಹೊರಡುವವರು. ಇಲ್ಲಿ ಬ್ಲೂಟೂತ್ ಮತ್ತು ಮೆಶ್ ಎಂಬ ಎರಡು ಜಾತಿಗಳ ವ್ಯತ್ಯಾಸ ತಿಳಿದಿರಬೇಕು. ಹಳೆಯ ಬ್ಲೂಟೂತ್ ಪದ್ಧತಿಯಲ್ಲಿ ಸವಾರರು ಕೈ ಕೈ ಹಿಡಿದು ನಿಂತ ಮಕ್ಕಳ ಸಾಲಿನ ಹಾಗೆ. ಮೊದಲನೆಯವನು ಎರಡನೆಯವನಿಗೆ, ಎರಡನೆಯವನು ಮೂರನೆಯವನಿಗೆ, ಹೀಗೆ ಸಾಮಾನ್ಯವಾಗಿ ನಾಲ್ಕು ಜನ. ನಡುವಿನವನು ಹೆಬ್ರಿಯ ಪೆಟ್ರೋಲ್ ಬಂಕಿಗೆ ತಿರುಗಿದ ಎಂದರೆ ಸಾಲು ತುಂಡು. ಹಿಂದಿದ್ದವರಿಗೆ ಮುಂದಿನವರ ಮಾತಿಲ್ಲ. ಅವನು ವಾಪಸು ಬಂದ ಮೇಲೂ ಎಷ್ಟೋ ಸಲ ಗುಂಡಿ ಒತ್ತಿ ಮತ್ತೆ ಜೋಡಿಸಬೇಕು, ಅದೂ ಗ್ಲೌಸ್ ಹಾಕಿದ ಎಡಗೈಯಲ್ಲಿ.

ಮೆಶ್‌ನಲ್ಲಿ ಸಾಲು ಎಂಬುದೇ ಇಲ್ಲ. ಗುಂಪಿನ ಪ್ರತಿಯೊಂದು ಸಾಧನವೂ ಬೇರೆಯವರ ಮಾತನ್ನು ಹಿಡಿದು ಮುಂದೆ ದಾಟಿಸುತ್ತದೆ. ಒಬ್ಬರು ಬಿಟ್ಟುಹೋದರೆ ಮಾತು ಬೇರೆ ದಾರಿ ಹಿಡಿಯುತ್ತದೆ, ಅವರು ಹತ್ತಿರ ಬಂದ ಕೂಡಲೇ ತನ್ನಷ್ಟಕ್ಕೆ ಸೇರಿಕೊಳ್ಳುತ್ತಾರೆ. ಕಾರ್ಡೊ ಕಂಪನಿಯ ಪ್ಯಾಕ್‌ಟಾಕ್ ಸರಣಿಯಲ್ಲಿ ಒಂದು ಗುಂಪಿಗೆ 15 ಜನರವರೆಗೆ ಸೇರಬಹುದು. ಹದಿನೈದು ಜನ ಒಟ್ಟಿಗೆ ಮಾತಾಡಿದರೆ ಸಂತೆಯಾಗುತ್ತದೆ, ಅದು ಬೇರೆ ವಿಷಯ.

ಘಾಟಿಯಲ್ಲಿ ಮೆಶ್‌ನ ನಿಜವಾದ ಉಪಯೋಗ ದೂರದ್ದಲ್ಲ, ತಿರುವಿನದ್ದು. ಈ ಸಾಧನಗಳು ಮಾತಾಡುವುದು ಹೆಚ್ಚಾಗಿ 2.4 ಗಿಗಾಹರ್ಟ್ಸ್ ಆಸುಪಾಸಿನ ರೇಡಿಯೋ ಅಲೆಗಳಲ್ಲಿ, ಮನೆಯ ವೈಫೈ ಬಳಸುವ ಅದೇ ಪಟ್ಟಿ. ಈ ಅಲೆ ಬಹುಮಟ್ಟಿಗೆ ನೇರ ಹೋಗುವ ಸ್ವಭಾವದ್ದು. ಗುಡ್ಡ ಅಡ್ಡ ಬಂದರೆ ನಿಂತೇ ಹೋಗುತ್ತದೆ, ಒದ್ದೆ ಎಲೆಗಳ ದಟ್ಟ ಕಾಡು ಅದನ್ನು ಹೀರಿಕೊಳ್ಳುತ್ತದೆ. ಡಬ್ಬದ ಮೇಲಿನ ಕಿಲೋಮೀಟರ್ ಲೆಕ್ಕ ಎದುರುಬದುರು ಕಾಣುವ ಬಯಲಿನದ್ದು. ಪಡುಬಿದ್ರಿಯಿಂದ ಕಾಪುವಿನವರೆಗಿನ ಹೆದ್ದಾರಿಯಲ್ಲಿ ಅದರ ಅರ್ಧವಾದರೂ ಸಿಕ್ಕೀತು. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಒಂದು ತಿರುವು ಮೇಲೆ ಹೋದವನ ದನಿ ಕೆಳಗಿನವನಿಗೆ ಕೇಳದೆ ಇರುವುದೂ ಉಂಟು, ನಡುವೆ ಇರುವುದು ನೂರು ಮೀಟರ್ ಆದರೂ. ಆದರೆ ಸರಿಯಾಗಿ ತಿರುವಿನ ಮೂಲೆಯಲ್ಲಿ ಮೂರನೆಯವನೊಬ್ಬ ಇದ್ದರೆ ಅವನಿಗೆ ಮೇಲೂ ಕಾಣುತ್ತದೆ, ಕೆಳಗೂ ಕಾಣುತ್ತದೆ. ಅವನ ಸಾಧನ ಎರಡು ಕಡೆಯನ್ನೂ ಸೇರಿಸಿಬಿಡುತ್ತದೆ. ‘ಬಸ್ ಇಳೀತಾ ಉಂಟು, ಅಲ್ಲೇ ನಿಲ್ಲಿ’ ಎಂಬ ಮಾತು ಕೆಳಗಿನವರಿಗೆ ಮುಟ್ಟುವುದು ಹೀಗೆ. ಹಾಗಾಗಿ ಇಬ್ಬರೇ ಹೋಗುವುದಾದರೆ ಮೆಶ್‌ನಿಂದ ದೊಡ್ಡ ಲಾಭವಿಲ್ಲ. ತನ್ನಷ್ಟಕ್ಕೆ ಮರುಜೋಡಣೆಯಾಗುವುದೊಂದೇ ಅನುಕೂಲ. ಮೂವರಿಂದ ಮೇಲೆ ಅದರ ಬೆಲೆ ತಿಳಿಯುತ್ತದೆ.

ಈಗ ಬ್ರ್ಯಾಂಡಿನ ಮಾತಿಗೆ ಬರೋಣ. ದಕ್ಷಿಣ ಕೊರಿಯಾದ ಸೆನಾ, ಇಸ್ರೇಲಿನ ಕಾರ್ಡೊ, ನಮ್ಮ ಬೆಂಗಳೂರಿನದೇ ಆದ ಬ್ಲೂಆರ್ಮರ್, ಜೊತೆಗೆ ಚೀನಾದಿಂದ ಬರುವ ಹತ್ತಾರು ಹೆಸರುಗಳು. ಬೆಲೆ ಮೂರು ನಾಲ್ಕು ಸಾವಿರದಿಂದ ಮೂವತ್ತು ಸಾವಿರದ ಆಚೆಗೂ ಹೋಗುತ್ತದೆ. ಕಾರ್ಡೊ ಮೆಶ್ ಸೆನಾದ ಮೆಶ್ ಜೊತೆ ಮಾತಾಡುವುದಿಲ್ಲ. ಪ್ರತಿ ಕಂಪನಿಯದೂ ತನ್ನದೇ ಪದ್ಧತಿ. ‘ಯೂನಿವರ್ಸಲ್ ಪೇರಿಂಗ್ ಉಂಟಲ್ಲ’ ಎಂದು ಅಂಗಡಿಯವರು ಹೇಳಿಯಾರು. ಉಂಟು, ಆದರೆ ಅದು ಮಾಡುವುದು ಒಂದು ಉಪಾಯ. ಬೇರೆ ಕಂಪನಿಯ ಸಾಧನಕ್ಕೆ ‘ನಾನೊಂದು ಫೋನು’ ಎಂದು ನಂಬಿಸಿ, ಕರೆ ಬಂದ ಹಾಗೆ ಜೋಡಿಸಿಕೊಳ್ಳುವುದು. ಆಗ ದನಿ ಹಳೆಯ ಫೋನಿನ ಗುಣಮಟ್ಟಕ್ಕೆ ಇಳಿಯುತ್ತದೆ. ಎಷ್ಟೋ ಮಾಡೆಲುಗಳಲ್ಲಿ ನಿಮ್ಮ ಸ್ವಂತ ಫೋನಿನ ಸಂಪರ್ಕಕ್ಕೋ ಮ್ಯಾಪಿಗೋ ತೊಡಕಾಗುತ್ತದೆ. ತುರ್ತಿಗೆ ಆದೀತು, ದಿನವಿಡೀ ಸವಾರಿಗೆ ಆಗದು.

ಒಂದೇ ಕಂಪನಿಯಾದರೆ ಸಾಕು ಎಂದೂ ತಿಳಿಯಬೇಡಿ. ಕಾರ್ಡೊದಲ್ಲೇ ಫ್ರೀಕಾಮ್, ಸ್ಪಿರಿಟ್ ಸರಣಿಗಳು ಬ್ಲೂಟೂತ್ ಮಾತ್ರ. ಮೆಶ್ ಇರುವುದು ಪ್ಯಾಕ್‌ಟಾಕ್‌ನಲ್ಲಿ. ಗೆಳೆಯರೆಲ್ಲ ಪ್ಯಾಕ್‌ಟಾಕ್ ಹಾಕಿಕೊಂಡಿರುವಾಗ ನೀವು ಕಡಿಮೆ ಬೆಲೆಗೆ ಸಿಕ್ಕಿತೆಂದು ಫ್ರೀಕಾಮ್ ತಂದರೆ, ಅವರಲ್ಲಿ ಒಬ್ಬರಿಗೆ ಬ್ಲೂಟೂತಿನಿಂದ ಅಂಟಿಕೊಂಡು ಹೋಗಬೇಕಷ್ಟೆ. ಅವರು ದೂರವಾದರೆ ನೀವೂ ಹೊರಗೆ. ಆದ್ದರಿಂದ ನನ್ನ ಸಲಹೆ ಸರಳ: ಗುಂಪಿನಲ್ಲಿ ಹೆಚ್ಚಿನವರ ಹತ್ತಿರ ಇರುವುದನ್ನೇ ತೆಗೆದುಕೊಳ್ಳಿ, ಅದು ವಿಮರ್ಶೆಗಳಲ್ಲಿ ಎರಡನೇ ಸ್ಥಾನದ್ದಾದರೂ. ಗುಂಪಿನಲ್ಲಿ ಯಾರ ಹತ್ತಿರವೂ ಇಲ್ಲ ಎಂದಾದರೆ ನಾಲ್ವರೂ ಒಟ್ಟಿಗೆ ಕೂತು ಬಜೆಟ್ ಮಾತಾಡಿ, ಒಂದೇ ಮಾಡೆಲ್ ತೆಗೆದುಕೊಳ್ಳಿ.

‘ಘಾಟಿಯಲ್ಲಿ ನೆಟ್‌ವರ್ಕೇ ಇಲ್ಲ, ಇದು ಕೆಲಸ ಮಾಡ್ತದಾ?’ ಎಂದೂ ಕೇಳುತ್ತಾರೆ. ಮಾಡುತ್ತದೆ. ಸಾಧನದಿಂದ ಸಾಧನಕ್ಕೆ ಹೋಗುವ ಮಾತಿಗೆ ಮೊಬೈಲ್ ಟವರಿನ ಹಂಗಿಲ್ಲ. ವಾಟ್ಸಾಪ್ ಗ್ರೂಪ್ ಕರೆ ಹಾಕಿ ಕಿವಿಗೆ ಇಯರ್‌ಬಡ್ ಸಿಕ್ಕಿಸಿ ‘ನಮಗೆ ಇಂಟರ್‌ಕಾಮ್ ಯಾಕೆ’ ಎನ್ನುವವರಿಗೆ ಮಾತ್ರ ಕಾರ್ಕಳ ದಾಟಿ ಮಾಳದ ಕಡೆಗೆ ಏರಿದಾಗ ಉತ್ತರ ಸಿಗುತ್ತದೆ.

ಇನ್ನು ಹೆಲ್ಮೆಟ್. ‘ಸೌಂಡ್ ಕಮ್ಮಿ, ಕಂಪನಿ ಸರಿ ಇಲ್ಲ’ ಎಂಬ ದೂರುಗಳಲ್ಲಿ ಹೆಚ್ಚಿನವು ಸ್ಪೀಕರನ್ನು ಕೂರಿಸಿದ ಜಾಗದವು. ಸ್ಪೀಕರು ಕಿವಿಯ ತೂತಿಗೆ ನೇರ ಇರಬೇಕು, ಕಿವಿಗೆ ಆದಷ್ಟು ಹತ್ತಿರ ಇರಬೇಕು, ಆದರೆ ಒತ್ತಬಾರದು. ಬೆರಳಗಲ ಆಚೀಚೆಯಾದರೂ ದನಿ ತೆಳ್ಳಗಾಗುತ್ತದೆ. ಒಳಗೆ ಕಿವಿಯ ಜಾಗದಲ್ಲಿ ಸ್ಪೀಕರಿಗೆಂದೇ ಗುಳಿ ಬಿಟ್ಟ ಹೆಲ್ಮೆಟಾದರೆ ಕೆಲಸ ಸುಲಭ. ಇಲ್ಲವಾದರೆ ಬ್ರಹ್ಮಾವರ ಮುಟ್ಟುವಷ್ಟರಲ್ಲಿ ಕಿವಿ ಉರಿಯತೊಡಗುತ್ತದೆ. ಆಗ ಕೆಲವರು ಒಳಗಿನ ಥರ್ಮಾಕೋಲಿನಂಥ ಪದರವನ್ನು ಚಾಕುವಿನಿಂದ ಕೆತ್ತಿ ಜಾಗ ಮಾಡುತ್ತಾರೆ. ದಯವಿಟ್ಟು ಮಾಡಬೇಡಿ. ಬಿದ್ದಾಗ ಪೆಟ್ಟನ್ನು ನುಂಗುವುದು ಅದೇ ಪದರ.

ಫುಲ್‌ಫೇಸಿಗೆ ಗಲ್ಲದ ಒಳಭಾಗದಲ್ಲಿ ಅಂಟಿಸುವ ವಯರಿನ ಪುಟ್ಟ ಮೈಕು, ಮುಂಭಾಗ ಎತ್ತುವ ಹೆಲ್ಮೆಟಿಗೆ ಕಡ್ಡಿಯಂಥ ಮೈಕು. ಅರ್ಧ ಹೆಲ್ಮೆಟಿಗೆ ಯಾವ ಮೈಕು ಹಾಕಿದರೂ ಆ ಕಡೆಯವರಿಗೆ ಗಾಳಿಯೇ ಕೇಳುವುದು. ಸಾಧನವನ್ನು ಎಡಬದಿಗೆ ಹಾಕುವುದು ಬಲಗೈ ಆಕ್ಸಿಲರೇಟರ್ ಬಿಡಬಾರದೆಂದು. ಸಾಧನ ಕೂರಿಸಲು ಅಂಟುವ ಬುಡ ಬಳಸುವವರು ಹೆಲ್ಮೆಟಿನ ಮೈಯನ್ನು ಸ್ಪಿರಿಟಿನಲ್ಲಿ ಒರೆಸಿ, ಒಣಗಿಸಿ, ಅಂಟಿಸಿದ ಮೇಲೆ ಒಂದು ದಿನ ಮುಟ್ಟದೆ ಬಿಡಿ. ಜುಲೈ ತಿಂಗಳ ಮಂಗಳೂರಿನ ತೇವದಲ್ಲಿ ಆತುರದಿಂದ ಅಂಟಿಸಿದ್ದು ಸುರತ್ಕಲ್ ದಾಟುವ ಮೊದಲೇ ಕೈಕೊಟ್ಟೀತು.

ಮಳೆಯ ವಿಷಯದಲ್ಲಿ ನಾವು ಬಯಲುಸೀಮೆಯವರ ಸಲಹೆ ಕೇಳಬಾರದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆ. ‘ವಾಟರ್ ರೆಸಿಸ್ಟೆಂಟ್’ ಎಂಬ ಬರಿ ಮಾತನ್ನು ನಂಬದೆ, ಧೂಳು ನೀರನ್ನು ಎಷ್ಟು ತಡೆಯುತ್ತದೆಂದು ಹೇಳುವ ಐಪಿ ಸಂಖ್ಯೆ ನೋಡಿ. ಐಪಿ67 ಎಂದರೆ ಧೂಳು ಒಳಹೋಗುವುದಿಲ್ಲ, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ. ಆದರೆ ಆ ಪರೀಕ್ಷೆ ನಡೆಯುವುದು ಶುದ್ಧ ನೀರಿನಲ್ಲಿ. ನಮ್ಮ ಕರಾವಳಿಯಲ್ಲಿ ಮಳೆಗಿಂತ ಮೆಲ್ಲಗೆ ಕೊಲ್ಲುವುದು ಉಪ್ಪುಗಾಳಿ ಮತ್ತು ಬೆವರು. ಚಾರ್ಜಿಂಗ್ ಪಿನ್ನುಗಳು ಹಸಿರುಗಟ್ಟುತ್ತವೆ, ಸ್ಪೀಕರಿನ ಸ್ಪಂಜಿಗೆ ಬೂಷ್ಟು ಹಿಡಿಯುತ್ತದೆ. ಚಾರ್ಜಿಂಗ್ ಜಾಗದ ರಬ್ಬರ್ ಮುಚ್ಚಳ ಗಟ್ಟಿಯಾಗಿ ಕೂರುವ ಮಾಡೆಲ್ ನೋಡಿ, ಒದ್ದೆಯಾಗಿದ್ದಾಗ ಚಾರ್ಜಿಗೆ ಹಾಕಬೇಡಿ. ಮನೆಗೆ ಬಂದ ಮೇಲೆ ಸಾಧನವನ್ನು ಬಿಚ್ಚಿ ಫ್ಯಾನಿನಡಿ ಇಡಿ. ಬಿಚ್ಚಲು ಸುಲಭವಾದ ಬುಡ ಇರುವ ಮಾಡೆಲಿಗೆ ನಾನು ಸಾವಿರ ರೂಪಾಯಿ ಜಾಸ್ತಿ ಕೊಡಲು ಸಿದ್ಧ.

ಕಿವಿಯ ಬಗ್ಗೆ ಒಂದು ಮಾತು. ಗಂಟೆಗೆ 65 ಕಿಲೋಮೀಟರ್ ದಾಟಿದ ಮೇಲೆ ಹೆಲ್ಮೆಟಿನೊಳಗೆ ಎಂಜಿನಿಗಿಂತ ಗಾಳಿಯದೇ ಸದ್ದು, ಹೆದ್ದಾರಿಯ ವೇಗದಲ್ಲಿ ಅದು 90 ಡೆಸಿಬಲ್ ದಾಟುತ್ತದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ತಾಳಬಹುದು. ಪ್ರತಿ 3 ಡೆಸಿಬಲಿಗೆ ಆ ಹೊತ್ತು ಅರ್ಧವಾಗುತ್ತಾ ಹೋಗಿ 94ಕ್ಕೆ ಒಂದೇ ಗಂಟೆ ಉಳಿಯುತ್ತದೆ. ಮಂಗಳೂರಿನಿಂದ ಕುಂದಾಪುರ ಅದಕ್ಕಿಂತ ದೂರ. ಈ ಗಾಳಿಯ ಮೇಲೆ ಹಾಡು ಕೇಳಬೇಕೆಂದು ವಾಲ್ಯೂಮ್ ಏರಿಸಿದರೆ ಕಿವಿಗೆ ಎರಡು ಪೆಟ್ಟು. ಹೆಲ್ಮೆಟ್ ಸರಿಯಾಗಿ ಬಿಗಿಯಾಗಿದ್ದರೆ ವಾಲ್ಯೂಮ್ ತನ್ನಿಂದತಾನೇ ಇಳಿಯುತ್ತದೆ. ಇಯರ್‌ಬಡ್‌ಗಳನ್ನು ನಾನು ಬೇಡ ಎನ್ನುವುದಕ್ಕೆ ಇದೂ ಒಂದು ಕಾರಣ. ಸದ್ದು ಅಡಗಿಸುವ ಇಯರ್‌ಬಡ್ ಹಾಕಿ, ಮೇಲೆ ಹಾಡನ್ನೂ ಏರಿಸಿಕೊಂಡು 66ನೇ ಹೆದ್ದಾರಿಯಲ್ಲಿ ಹೋಗುವವರಿಗೆ ಹಿಂದಿನಿಂದ ಬರುವ ಎಕ್ಸ್‌ಪ್ರೆಸ್ ಬಸ್ಸಿನ ಹಾರ್ನು ಕೇಳುವುದಿಲ್ಲ. ಉಡುಪಿ ಮಂಗಳೂರು ನಡುವೆ ಆ ಹಾರ್ನು ಕೇಳದವರು ರಸ್ತೆಗಿಳಿಯಲೇಬಾರದು.

ಪೊಲೀಸರು ಹಿಡಿಯುತ್ತಾರಾ ಎಂಬ ಭಯವೂ ಕೆಲವರಿಗೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಅಪಾಯಕಾರಿ ಚಾಲನೆಗೆ ಸೇರಿಸಿದ್ದು ಕೈಯಲ್ಲಿ ಹಿಡಿದ ಸಾಧನದ ಬಳಕೆಯನ್ನು. ಹೆಲ್ಮೆಟಿನ ಸಂದಿಗೆ ಫೋನು ತುರುಕಿ ಕತ್ತು ವಾರೆ ಮಾಡಿ ಹೋಗುವವರು ಹೆದರಲಿ. ಇಂಟರ್‌ಕಾಮ್ ಇದ್ದರೂ ತಿರುವಿನಲ್ಲಿ, ಊರೊಳಗಿನ ಟ್ರಾಫಿಕ್ಕಿನಲ್ಲಿ ನಾನು ಮಾತು ನಿಲ್ಲಿಸುತ್ತೇನೆ. ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ಕೂತಾಗ ಮಾತಾಡಲು ಏನಾದರೂ ಉಳಿಯಬೇಕಲ್ಲ.

ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದಾ? ಮೆಶ್ ಬೇಕು, ಬಜೆಟ್ ಇಲ್ಲ ಎನ್ನುವವರಿಗೆ ನಾನು ಹೌದು ಎನ್ನುತ್ತೇನೆ, ಬ್ಯಾಟರಿ ಪರೀಕ್ಷಿಸಿ. ಹೆಚ್ಚಿನವುಗಳಲ್ಲಿ ಬ್ಯಾಟರಿ ಒಳಗೇ ಮುಚ್ಚಿರುತ್ತದೆ, ನಾವು ಬದಲಿಸುವಂತಿಲ್ಲ. ಬಿಸಿಲಲ್ಲಿ ಟ್ಯಾಂಕಿನ ಮೇಲೆ ಹೆಲ್ಮೆಟ್ ಬಿಟ್ಟು ಹೋಗುವವರ ಕೈಯಲ್ಲಿ ಅದು ಬೇಗ ಮುಪ್ಪಾಗಿರುತ್ತದೆ. ಪೂರ್ತಿ ಚಾರ್ಜ್ ಮಾಡಿದ್ದನ್ನು ನಿಮ್ಮ ಗೆಳೆಯನ ಸಾಧನಕ್ಕೆ ಜೋಡಿಸಿ, ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಬಿಡದೆ ಓಡಿಸಿ ನೋಡಬೇಕು ಎಂದು ಮೊದಲೇ ಹೇಳಿ. ಮಾರುವವರು ಅದಕ್ಕೆ ಒಪ್ಪದಿದ್ದರೆ ಬೇರೆ ಕಡೆ ಹುಡುಕಿ.